ಟೈರ್ ತಿನ್ನುವ ಗಾಡಿ: ಮೊದಲು ಪಟ್ಟಿ ನೋಡಿ, ಆಮೇಲೆ ಅಲೈನ್‌ಮೆಂಟ್

ಲಾರಿ ಡ್ರೈವರ್‌ಗಳು, ಮಾಲೀಕರು ಮತ್ತು ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುತ್ತಿರುವ ಮಕ್ಕಳು ಸೇರಿದ್ದ ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಂದು ಗಾಡಿಯ ಕಥೆಯಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ಡ್ರೈವರ್ ನನ್ನ ಹತ್ತಿರ ಬಂದರು. ಮಂಗಳೂರು ಕಡೆ ಲೋಡ್ ಹೊಡೆಯುವವರು. ಎರಡು ತಿಂಗಳ ಹಿಂದೆ ಹಾಕಿಸಿದ್ದ ಮುಂದಿನ ಟೈರುಗಳು ಆಗಲೇ ಸವೆದು ಒಳಗಿನ ತಂತಿ ತೋರಿಸುತ್ತಿದ್ದವು. ಅಷ್ಟರಲ್ಲಿ ಅವರು ಮೂರು ಸಲ ಚಕ್ರಗಳ ದಿಕ್ಕು ನೇರ ಮಾಡುವ ಅಲೈನ್‌ಮೆಂಟ್ ಮಾಡಿಸಿದ್ದರು. ಮೂರು ಸಲವೂ ಮುಂದಿನ ಚಕ್ರ ಅಳೆದು, ಆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ತಿರುಗಿಸಿ, ಸರಿಯಾಗಿದೆ ಅಂತ ಚೀಟಿ ಕೊಟ್ಟು ಕಳಿಸಿದ್ದರು. ಗಾಡಿ ಮಾತ್ರ ಬಲಕ್ಕೆ ಎಳೆಯುವುದನ್ನು ಬಿಟ್ಟಿರಲಿಲ್ಲ. ಸ್ಟೇರಿಂಗ್ ಚಕ್ರವನ್ನು ಎಡಕ್ಕೆ ವಾರೆಯಾಗಿ ಹಿಡಿದರೆ ಮಾತ್ರ ನೇರ ಹೋಗುತ್ತಿತ್ತು. ಅವರ ಭುಜ ನೋಯುತ್ತಿತ್ತು. ಮಾಲೀಕರು, 'ನಿನ್ನ ಡ್ರೈವಿಂಗೇ ಸರಿ ಇಲ್ಲ' ಅಂದಿದ್ದರಂತೆ. ಅದನ್ನು ಹೇಳುವಾಗ ಅವರ ಮುಖ ಸಣ್ಣದಾಗಿತ್ತು.

ನಾನು ಮುಂದಿನ ಚಕ್ರ ಮುಟ್ಟಲಿಲ್ಲ. ಸೀದಾ ಹಿಂದೆ ಹೋಗಿ ಕೆಳಗೆ ಮಲಗಿದೆ. ಹಿಂದಿನ ಎಡಗಡೆ ಪಟ್ಟಿಯ, ಅಂದರೆ ಉಕ್ಕಿನ ಪಟ್ಟಿಗಳನ್ನು ಪೇರಿಸಿದ ಸ್ಪ್ರಿಂಗಿನ, ನಡುವೆ ತೂರಿಸಿರುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಪಟ್ಟಿಯನ್ನು ಆಕ್ಸಲ್ಲಿಗೆ, ಅಂದರೆ ಚಕ್ರಗಳನ್ನು ಹೊತ್ತ ಅಡ್ಡ ತೊಲೆಗೆ, ಬಿಗಿಯುವ ಯು ಬೋಲ್ಟ್ ಸಡಿಲ. ಆಕ್ಸಲ್ ಎಡಗಡೆಯಲ್ಲಿ ಸುಮಾರು 20 ಮಿಲಿಮೀಟರ್ ಹಿಂದಕ್ಕೆ ಜರುಗಿತ್ತು. ಎರಡು ಬೆರಳಿನಷ್ಟೂ ಇಲ್ಲ. ಆದರೆ ಅದೇ ಎರಡು ಟೈರನ್ನು ತಿಂದು ಹಾಕಿತ್ತು.

ಇವತ್ತು ನಾನು ಹೇಳಲು ಬಂದಿರುವುದು ಇಷ್ಟೇ. ಅಲೈನ್‌ಮೆಂಟ್ ಅನ್ನುವುದು ಕೊನೆಯ ಕೆಲಸ. ಅದಕ್ಕೆ ಮೊದಲು ಪಟ್ಟಿ, ಪಿನ್, ಅದರ ಸುತ್ತಲಿನ ಬುಷ್ ಅನ್ನುವ ಕೊಳವೆ, ಬೇರಿಂಗ್, ಹಿಂದಿನ ಆಕ್ಸಲ್, ಎಲ್ಲ ನೆಟ್ಟಗಿರಬೇಕು. ಕಂಬವೇ ಅಲ್ಲಾಡುತ್ತಿದ್ದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಅಲ್ವಾ? ಬಡಗಿ ಎಷ್ಟು ಸಲ ಉಜ್ಜಿದರೂ ನಾಳೆ ಮತ್ತೆ ಸಿಕ್ಕಿಕೊಳ್ಳುತ್ತದೆ.

ಆ 20 ಮಿಲಿಮೀಟರ್ ಏನು ಮಾಡುತ್ತದೆ ಅಂತ ಲೆಕ್ಕ ಹಾಕೋಣ. ಹಿಂದಿನ ಎರಡು ಪಟ್ಟಿಗಳ ನಡುವೆ ಹೆಚ್ಚುಕಮ್ಮಿ ಒಂದು ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ಒಂದು ಮೀಟರಿಗೆ 20 ಮಿಲಿಮೀಟರ್ ಅಂದರೆ 50ಕ್ಕೆ 1ರ ವಾರೆ. ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ 5 ಮೀಟರ್ ಇದ್ದರೆ, ಅದೇ ವಾರೆ ಮುಂದೆ ಬರುವಷ್ಟರಲ್ಲಿ 10 ಸೆಂಟಿಮೀಟರ್ ಆಗುತ್ತದೆ. ಗಾಡಿಯ ಮೂತಿ ಒಂದು ಸಾಲಿನಲ್ಲಿ, ಬಾಲ ಇನ್ನೊಂದು ಸಾಲಿನಲ್ಲಿ. ಹಿಂದಿನ ಚಕ್ರಗಳು ಗಾಡಿಯನ್ನು ಒಂದು ಕಡೆಗೆ ತಳ್ಳುತ್ತವೆ. ನೇರ ಹೋಗಬೇಕಾದರೆ ಡ್ರೈವರ್ ಮುಂದಿನ ಚಕ್ರಗಳನ್ನು ಸದಾ ಸ್ವಲ್ಪ ತಿರುಗಿಸಿಯೇ ಇಡಬೇಕು. ಸವೆಯುವುದು ಮುಂದಿನ ಟೈರು. ತಪ್ಪು ಹಿಂದಿನದು.

ಇದನ್ನು ಕಂಡುಹಿಡಿಯಲು ಮಷಿನ್ನೇ ಬೇಕಿಲ್ಲ. ಸಮತಟ್ಟಾದ ಒಣ ಜಾಗದಲ್ಲಿ ಎರಡು ಬಕೆಟ್ ನೀರು ಚೆಲ್ಲಿ. ಅದರ ಮೇಲೆ ಗಾಡಿಯನ್ನು ನಿಧಾನವಾಗಿ, ನೇರವಾಗಿ ಓಡಿಸಿ. ಆಮೇಲೆ ಇಳಿದು ಒದ್ದೆ ಗುರುತು ನೋಡಿ. ಮುಂದಿನ ಚಕ್ರದ ಗುರುತು ಹಿಂದಿನ ಗುರುತಿನಿಂದ ಎಡಗಡೆ ಎಷ್ಟು ದೂರ ಇದೆಯೋ ಬಲಗಡೆಯೂ ಅಷ್ಟೇ ದೂರ ಇರಬೇಕು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ಇದ್ದರೆ ಗಾಡಿ ಏಡಿಯ ಥರ ಓರೆಯಾಗಿ ನಡೆಯುತ್ತಿದೆ ಅಂತ ಅರ್ಥ. ನೇರ ರಸ್ತೆಯಲ್ಲಿ ಬೇರೆ ಗಾಡಿಯಲ್ಲಿ ಕೂತು ಹಿಂದಿನಿಂದ ನೋಡಿದರೂ ಗೊತ್ತಾಗುತ್ತದೆ. ಬಾಡಿಯ ಒಂದು ಪಕ್ಕ ನಿಮಗೆ ಕಾಣುತ್ತಿರುತ್ತದೆ, ಇನ್ನೊಂದು ಕಾಣುವುದಿಲ್ಲ.

ಈಗ ಪಟ್ಟಿಗೆ ಬರೋಣ. ಈ ಮಾತು ಸ್ವಲ್ಪ ಉದ್ದವಾಗುತ್ತದೆ, ಏಕೆಂದರೆ ನಮ್ಮಲ್ಲಿ ಜಾಸ್ತಿ ಗಾಡಿಗಳು ಇವತ್ತಿಗೂ ನಿಂತಿರುವುದು ಪಟ್ಟಿಯ ಮೇಲೆಯೇ.

ಪಟ್ಟಿ ಸೆಟ್ಟು ಎರಡು ಕೆಲಸ ಮಾಡುತ್ತದೆ. ಭಾರ ಹೊರುವುದು ಎಲ್ಲರಿಗೂ ಗೊತ್ತು. ಇನ್ನೊಂದು ಕೆಲಸ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಆಕ್ಸಲ್ಲನ್ನು ಅದರ ಜಾಗದಲ್ಲಿ ಹಿಡಿದಿಟ್ಟುಕೊಳ್ಳುವುದೂ ಈ ಪಟ್ಟಿಯೇ. ಬ್ರೇಕ್ ಹೊಡೆದಾಗ ರಸ್ತೆ ಆಕ್ಸಲ್ಲನ್ನು ಹಿಂದಕ್ಕೆ ಎಳೆಯುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಹಿಂದಿನ ಆಕ್ಸಲ್ ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಈ ಎಳೆತ, ನೂಕು ಎಲ್ಲವೂ ಮೇನ್ ಪಟ್ಟಿಯ ತುದಿಯಲ್ಲಿ ಬಳೆಯಂತೆ ಸುತ್ತಿರುವ ಕಣ್ಣಿನ ಮೂಲಕ, ಬುಷ್ ಮತ್ತು ಪಿನ್ ಮೂಲಕವೇ ಗಾಡಿಯ ಚೌಕಟ್ಟಾದ ಚಾಸಿಗೆ ಹೋಗಬೇಕು. ಪಟ್ಟಿ ಚಪ್ಪಟೆಯಾದಾಗ ಉದ್ದವಾಗುತ್ತದೆ. ಅದಕ್ಕೇ ಒಂದು ತುದಿಯನ್ನು ಪಿನ್ನಿನಲ್ಲಿ ಭದ್ರ ಮಾಡಿ, ಇನ್ನೊಂದು ತುದಿಗೆ ಉಯ್ಯಾಲೆಯಂತೆ ಆಡುವ ಶಾಕಲ್ ಕೊಟ್ಟಿರುತ್ತಾರೆ, ಇಲ್ಲವೇ ಸುಮ್ನೆ ಜಾರುವಂತೆ ಬಿಟ್ಟಿರುತ್ತಾರೆ. ಭದ್ರವಾದ ತುದಿಯ ಬುಷ್ ಸವೆದರೆ ಆಕ್ಸಲ್ ಹಿಂದೆ ಮುಂದೆ ಆಡುತ್ತದೆ. ಅಂಥ ಗಾಡಿಯನ್ನು ಇವತ್ತು ಅಳೆದರೆ ಒಂದು ಲೆಕ್ಕ, ನಾಳೆ ಬ್ರೇಕ್ ಹೊಡೆದ ಮೇಲೆ ಅಳೆದರೆ ಇನ್ನೊಂದು ಲೆಕ್ಕ.

ಸೆಂಟರ್ ಬೋಲ್ಟ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಅದು ಆಕ್ಸಲ್ಲನ್ನು ಗಟ್ಟಿಯಾಗಿ ಹಿಡಿದಿದೆ ಅಂತ ಬಹಳ ಜನ ನಂಬಿದ್ದಾರೆ. ಅದರ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಕೂತು 'ಇದು ನಿನ್ನ ಜಾಗ' ಅಂತ ತೋರಿಸುತ್ತದೆ, ಅಷ್ಟೇ. ಹಿಡಿತ ಇರುವುದು ಯು ಬೋಲ್ಟಿನಲ್ಲಿ. ನಾಲ್ಕು ನಟ್ಟುಗಳ ಬಿಗಿತದಿಂದ ಪಟ್ಟಿಗೂ ಆಕ್ಸಲ್ ಸೀಟಿಗೂ ನಡುವೆ ಹುಟ್ಟುವ ಉಜ್ಜಾಟವೇ ಆಕ್ಸಲ್ಲನ್ನು ಜರುಗದಂತೆ ತಡೆಯುವುದು. ಯು ಬೋಲ್ಟ್ ಸಡಿಲವಾದ ದಿನ ಎಲ್ಲ ಭಾರವೂ ಆ ಸಣ್ಣ ಸೆಂಟರ್ ಬೋಲ್ಟ್ ಮೇಲೆ ಬೀಳುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಹತ್ತಾರು ಸಲ ಬ್ರೇಕ್ ಹೊಡೆದರೆ ಅದು ಎಷ್ಟು ದಿನ ತಡೆದೀತು? ಕತ್ತರಿಸಿ ಹೋಗುತ್ತದೆ. ಆಕ್ಸಲ್ ಜರುಗುತ್ತದೆ. ನನ್ನ ಹತ್ತಿರ ಬಂದ ಗಾಡಿಗೆ ಆಗಿದ್ದು ಇದೇ.

ಮುರಿದ ಪಟ್ಟಿಯೂ ಮಾತಾಡುತ್ತದೆ. ಸೆಂಟರ್ ಬೋಲ್ಟ್ ತೂತಿನ ಹತ್ತಿರವೇ ಪಟ್ಟಿ ಮುರಿದಿದ್ದರೆ ಮೊದಲ ಅನುಮಾನ ಯು ಬೋಲ್ಟ್ ಮೇಲೆ. ಬಿಗಿಯಾಗಿದ್ದರೆ ಆ ಜಾಗ ಬಾಗುವುದೇ ಇಲ್ಲ, ಹಾಗಾಗಿ ಮುರಿಯುವುದೂ ಇಲ್ಲ. ಸಡಿಲ ಇದ್ದರೆ ತೂತು ಇರುವ, ಬಲ ಕಡಿಮೆ ಇರುವ ಜಾಗದಲ್ಲೇ ಬಾಗಲು ಶುರುವಾಗುತ್ತದೆ. ಯು ಬೋಲ್ಟಿಗೂ ಕಣ್ಣಿಗೂ ನಡುವೆ ಎಲ್ಲೋ ಮುರಿದಿದ್ದರೆ ಅದು ಜಾಸ್ತಿ ಲೋಡಿನ ದಣಿವು. ಇದನ್ನು ನೋಡದೆ ಹೊಸ ಪಟ್ಟಿ ಹಾಕಿ ಕಳಿಸಿದರೆ ಆರು ತಿಂಗಳಲ್ಲಿ ಅದೇ ಗಾಡಿ, ಅದೇ ಜಾಗ, ಅದೇ ಮುರಿತ.

ಯು ಬೋಲ್ಟ್ ಬಿಗಿಯುವುದಕ್ಕೂ ಒಂದು ಕ್ರಮ ಇದೆ. ಗಾಡಿಯ ಭಾರ ಪಟ್ಟಿಯ ಮೇಲೆ ಇರಬೇಕು, ಜಾಕಿನ ಮೇಲಲ್ಲ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಬೇಕು. ಕೊನೆಗೆ ಬಿಗಿತ ಎಷ್ಟು ಅಂತ ತೋರಿಸುವ ಟಾರ್ಕ್ ಪಾನಾ ಹಾಕಿ ಆ ಗಾಡಿಯ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ತರಬೇಕು. ಪಾನಾಕ್ಕೆ ಉದ್ದದ ಪೈಪ್ ಸಿಕ್ಕಿಸಿ ಇಬ್ಬರು ನೇತಾಡಿದರೆ ಅದು ಬಿಗಿತ ಅಲ್ಲ, ಬೋಲ್ಟನ್ನು ಎಳೆದು ಹಾಳು ಮಾಡುವುದು. ಹಳೆಯ ಯು ಬೋಲ್ಟ್, ಹಳೆಯ ನಟ್ಟು ಮತ್ತೆ ಹಾಕಬೇಡಿ. ಅವುಗಳ ಥ್ರೆಡ್, ಅಂದರೆ ತಿರುಪಿನ ಸುತ್ತು, ಒಮ್ಮೆ ಎಳೆತ ತಿಂದಿರುತ್ತದೆ. ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು: ಹೊಸ ಪಟ್ಟಿ ಹಾಕಿ 500ರಿಂದ 1,000 ಕಿಲೋಮೀಟರ್ ಓಡಿದ ಮೇಲೆ ವಾಪಸ್ ಬಂದು ಮತ್ತೆ ಬಿಗಿಸಿ. ಪಟ್ಟಿಗಳ ನಡುವಿನ ಬಣ್ಣ, ಧೂಳು, ತುಕ್ಕು ಎಲ್ಲ ಒತ್ತಿಕೊಂಡು ಸೆಟ್ಟು ಸ್ವಲ್ಪ ತೆಳ್ಳಗಾಗುತ್ತದೆ. ಆಗ ಬಿಗಿತ ತಾನಾಗಿಯೇ ಇಳಿದಿರುತ್ತದೆ. ಇಪ್ಪತ್ತು ನಿಮಿಷದ ಕೆಲಸ. ದಯವಿಟ್ಟು ಮಾಡಿಸಿ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಮಾಲೀಕರು ಕೈ ಎತ್ತಿದರು. "ಅಣ್ಣಾ, ಎರಡು ಪಟ್ಟಿ ಜಾಸ್ತಿ ಹಾಕಿಸಿದರೆ ಲೋಡಿಗೆ ಒಳ್ಳೇದಲ್ವಾ? ಎಲ್ಲರೂ ಹಾಕಿಸುತ್ತಾರೆ."

ಒಳ್ಳೆಯ ಪ್ರಶ್ನೆ. ಉತ್ತರವನ್ನು ಲೆಕ್ಕದಲ್ಲೇ ಹೇಳುತ್ತೇನೆ. ಹತ್ತು ಪಟ್ಟಿ ಇರುವ ಸೆಟ್ಟಿಗೆ ಅಂಥದ್ದೇ ಇನ್ನೊಂದು ಸೇರಿಸಿದರೆ ಹೆಚ್ಚುಕಮ್ಮಿ ಹತ್ತನೇ ಒಂದು ಪಾಲು ಗಡಸು ಹೆಚ್ಚುತ್ತದೆ. ಆದರೆ ಪಟ್ಟಿಯ ದಪ್ಪ ಹೆಚ್ಚಾದರೆ ಲೆಕ್ಕವೇ ಬೇರೆ. ಗಡಸು ದಪ್ಪದ ಘನದಂತೆ ಏರುತ್ತದೆ. 10 ಮಿಲಿಮೀಟರ್ ಪಟ್ಟಿಯ ಜಾಗಕ್ಕೆ 12 ಮಿಲಿಮೀಟರಿನದು ಹಾಕಿದರೆ ಆ ಒಂದು ಪಟ್ಟಿಯ ಗಡಸು ಮೊದಲಿನ ಒಂದೂಮುಕ್ಕಾಲರಷ್ಟರ ಹತ್ತಿರ ಬರುತ್ತದೆ. ಪಕ್ಕದ ತೆಳು ಪಟ್ಟಿಗಳಷ್ಟೇ ಬಾಗಿದರೂ ದಪ್ಪ ಪಟ್ಟಿಯ ಮೈಮೇಲೆ ಎಳೆತ ಜಾಸ್ತಿ. ಗಟ್ಟಿಯಾಗಿರಲಿ ಅಂತ ಹಾಕಿದ್ದೇ ಮೊದಲು ಮುರಿಯುತ್ತದೆ. ಗಾಡಿ ಖಾಲಿ ಇದ್ದಾಗ ಪಟ್ಟಿ ಬಾಗುವುದೇ ಇಲ್ಲ. ಗುಂಡಿಯ ಏಟೆಲ್ಲ ಚಾಸಿಗೆ, ರಿವೆಟ್ಟಿಗೆ, ಡ್ರೈವರಣ್ಣನ ಸೊಂಟಕ್ಕೆ ಹೋಗುತ್ತದೆ. ಒಂದು ಕಡೆ ಮಾತ್ರ ಸೇರಿಸಿದರೆ ಗಾಡಿ ಇನ್ನೊಂದು ಕಡೆ ವಾಲುತ್ತದೆ. ಮುಂದಿನ ಪಟ್ಟಿಗೆ ಹಾಗೆ ಮಾಡಿದರೆ ಸ್ಟೇರಿಂಗ್ ಕೋನವೂ ಬದಲಾಗುತ್ತದೆ. ಪ್ಯಾರಾಬೋಲಿಕ್ ಪಟ್ಟಿ ಇರುವ ಗಾಡಿಗಂತೂ ಏನನ್ನೂ ಸೇರಿಸಲೇಬೇಡಿ. ಅವು ಎರಡೋ ಮೂರೋ ದಪ್ಪ ಪಟ್ಟಿಗಳು, ನಡುವೆ ದಪ್ಪ, ತುದಿಗೆ ತೆಳು. ಒಂದಕ್ಕೊಂದು ತಾಗದಂತೆ ಸಂದು ಬಿಟ್ಟು ಮಾಡಿರುತ್ತಾರೆ.

2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿ ಏರಿಸಿತು. ನಾಲ್ಕು ಟೈರಿನ ಒಂಟಿ ಆಕ್ಸಲ್ಲಿಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು. ಜೋಡಿ ಆಕ್ಸಲ್ಲಿಗೆ 19 ಇದ್ದದ್ದು 21 ಆಯಿತು. ಮಿತಿ ಏರಿದ್ದು ಕಾಗದದಲ್ಲಿ. ಅದಕ್ಕೂ ಮುಂಚೆ ತಯಾರಾದ ಗಾಡಿಯ ಪಟ್ಟಿ, ಬೇರಿಂಗ್, ಮುಂದಿನ ಚಕ್ರ ಎಡ ಬಲ ತಿರುಗಲು ಆಧಾರವಾದ ಕಿಂಗ್ ಪಿನ್ ಆ ದಿನ ಬೆಳಿಗ್ಗೆ ಎದ್ದು ಗಟ್ಟಿಯಾಗಲಿಲ್ಲ. ನಿಮ್ಮ ಗಾಡಿ ಯಾವ ಭಾರಕ್ಕೆ ಹುಟ್ಟಿದೆಯೋ ಅದನ್ನೇ ಅದು ಹೊರಬೇಕು.

ಇನ್ನೂ ಒಂದು ಮಾತು. ಪಟ್ಟಿಗೆ ಗ್ಯಾಸ್ ಇಟ್ಟು ಕಾಯಿಸಿ ಬಗ್ಗಿಸುವುದು, ಬಿರುಕಿಗೆ ವೆಲ್ಡಿಂಗ್ ಹೊಡೆಯುವುದು, ಎರಡೂ ಬೇಡ. ಪಟ್ಟಿಯ ಉಕ್ಕಿಗೆ ಹದ ಕೊಟ್ಟಿರುತ್ತಾರೆ. ಕಾಯಿಸಿದ ಜಾಗದಲ್ಲಿ ಆ ಹದ ಕೆಡುತ್ತದೆ. ಚಾಸಿಗೆ ವೆಲ್ಡಿಂಗ್ ಮಾಡುವಾಗಲೂ ಪಟ್ಟಿಯ ಮೇಲೆ ದಪ್ಪ ಗೋಣಿ ಒದ್ದೆ ಮಾಡಿ ಹೊದಿಸಿ. ರಾಡ್ ಒಮ್ಮೆ ಪಟ್ಟಿಗೆ ತಾಗಿ ಕಿಡಿ ಹಾರಿದ ಚುಕ್ಕೆಯಿಂದಲೇ ಬಿರುಕು ಶುರುವಾಗಬಹುದು.

ಈಗ ತಪಾಸಣೆ. ನಾನು ಯಾವಾಗಲೂ ಟೈರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಕೆಳಗೆ ಏನಾಗಿದೆ ಅಂತ ಮೊದಲು ಹೇಳುವುದೇ ಅದು. ಕಣ್ಣಿಗಿಂತ ಕೈ ಚೆನ್ನಾಗಿ ಓದುತ್ತದೆ. ಅಂಗೈಯನ್ನು ಟೈರಿನ ಮೇಲೆ ಅಡ್ಡಲಾಗಿ ಸವರಿ. ಹೊರಗಿನಿಂದ ಒಳಕ್ಕೆ ಸವರಿದಾಗ ನುಣುಪು, ಒಳಗಿನಿಂದ ಹೊರಕ್ಕೆ ಬಂದಾಗ ಗರಗಸದಂತೆ ಚುಚ್ಚಿದರೆ, ಎರಡೂ ಟೈರಿನಲ್ಲಿ ಹಾಗೇ ಇದ್ದರೆ, ಟೋ ಇನ್, ಅಂದರೆ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವುದು, ಜಾಸ್ತಿಯಾಗಿದೆ. ಇದರ ಉಲ್ಟಾ ಇದ್ದರೆ ಟೋ ಔಟ್, ಮುಂಭಾಗ ಹೊರಕ್ಕೆ ತಿರುಗಿದೆ. ಒಂದು ಟೈರಿನ ಹೊರ ಅಂಚು, ಇನ್ನೊಂದರ ಒಳ ಅಂಚು ಸವೆದಿದ್ದರೆ ಮುಂದಿನ ಚಕ್ರ ಬಿಟ್ಟು ಹಿಂದಿನ ಆಕ್ಸಲ್ ನೋಡಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ. ಅಲ್ಲಲ್ಲಿ ತಟ್ಟೆಯಂತೆ ಗುಂಡಿ ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿರಬಹುದು, ಬೇರಿಂಗ್ ಸಡಿಲ ಇರಬಹುದು, ಇಲ್ಲವೇ ಚಕ್ರದ ಬ್ಯಾಲೆನ್ಸ್ ತಪ್ಪಿರಬಹುದು.

ಶಾಕ್ ಅಬ್ಸಾರ್ಬರಿಗೆ ಒಂದು ಸುಲಭದ ಪರೀಕ್ಷೆ ಇದೆ. ಕಾಲು ಗಂಟೆಯಾದರೂ ಉಬ್ಬುತಗ್ಗಿನ ರಸ್ತೆಯಲ್ಲಿ ಓಡಿಸಿ ನಿಲ್ಲಿಸಿ. ಹುಷಾರಾಗಿ ಒಂದೊಂದನ್ನೂ ಮುಟ್ಟಿ ನೋಡಿ. ಕೆಲಸ ಮಾಡಿದ ಶಾಕ್ ಬೆಚ್ಚಗಿರುತ್ತದೆ. ಪಟ್ಟಿಯ ಕುಣಿತವನ್ನು ಅದು ಶಾಖ ಮಾಡಿ ಹೊರಗೆ ಹಾಕುತ್ತದೆ. ಎಲ್ಲವೂ ಬೆಚ್ಚಗಿದ್ದು ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸ ಬಿಟ್ಟಿದೆ.

ಆಮೇಲೆ ಜಾಕ್. ಸಮತಟ್ಟು ಜಾಗ, ಹಿಂದಿನ ಚಕ್ರಕ್ಕೆ ಮರದ ಅಡ್ಡೆ, ಆಕ್ಸಲ್ ಕೆಳಗೆ ಗಟ್ಟಿ ಸ್ಟ್ಯಾಂಡ್. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬೇಡಿ. ಮಕ್ಕಳೇ, ನೀವಂತೂ ಹೋಗಲೇಬೇಡಿ. ರಸ್ತೆ ಬದಿ ರಿಪೇರಿ ಮಾಡುವಾಗ ಚಕ್ರಕ್ಕೆ ಕೊಟ್ಟ ಕಲ್ಲನ್ನು ಅಲ್ಲೇ ಬಿಟ್ಟು ಹೋಗುವ ಅಭ್ಯಾಸ ನಮ್ಮಲ್ಲಿದೆ. ರಾತ್ರಿ ಬೈಕಿನಲ್ಲಿ ಬರುವವನ ಜೀವ ಆ ಕಲ್ಲಿನಲ್ಲಿರುತ್ತದೆ. ಮರದ ಅಡ್ಡೆ ಇಟ್ಟುಕೊಳ್ಳಿ, ಹೋಗುವಾಗ ಎತ್ತಿಕೊಂಡು ಹೋಗಿ.

ಮುಂದಿನ ಚಕ್ರ ನೆಲದಿಂದ ಎತ್ತಿದ ಮೇಲೆ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದೆ ಅಂದುಕೊಳ್ಳಿ. ಅದು ಬೇರಿಂಗಿನದೋ, ಕಿಂಗ್ ಪಿನ್ನಿನದೋ? ಒಬ್ಬರನ್ನು ಕ್ಯಾಬಿನ್ನಿನಲ್ಲಿ ಕೂರಿಸಿ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಮತ್ತೆ ಅಲ್ಲಾಡಿಸಿ. ಆಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್ ಬುಷ್. ಬ್ರೇಕ್ ಹಿಡಿದಾಗ ಡ್ರಮ್ಮೂ, ಚಕ್ರ ಹೊತ್ತು ಕಿಂಗ್ ಪಿನ್ನಿನ ಮೇಲೆ ತಿರುಗುವ ನಕಲ್ ಅನ್ನುವ ಭಾಗವೂ ಒಂದಾಗುತ್ತವೆ, ಆಗ ಬೇರಿಂಗಿನ ಆಟ ಮರೆಯಾಗುತ್ತದೆ. ಈ ಒಂದು ಉಪಾಯ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಬೇರಿಂಗುಗಳು ಗುಜರಿಗೆ ಹೋಗಿವೆ.

ಟೈ ರಾಡ್ ಮತ್ತು ಸ್ಟೇರಿಂಗಿನ ಎಳೆತವನ್ನು ಚಕ್ರಕ್ಕೆ ಒಯ್ಯುವ ಡ್ರಾಗ್ ಲಿಂಕಿನ ತುದಿಗಳನ್ನು ನೋಡಲು ಗಾಡಿ ನೆಲದ ಮೇಲೆ ಇಳಿದಿರಬೇಕು. ಒಬ್ಬರು ಸ್ಟೇರಿಂಗನ್ನು ಎಡ, ಬಲ ಸ್ವಲ್ಪ ಸ್ವಲ್ಪ ಆಡಿಸಲಿ. ಇನ್ನೊಬ್ಬರು ಕೆಳಗೆ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಲಿ. ಎಲ್ಲಿ ಮೊದಲು ಆಡಿ, ಆಮೇಲೆ ಎಳೆಯುತ್ತದೋ ಅಲ್ಲಿ ಸವೆತ. ಹತ್ತು ಚಕ್ರದ ಟಿಪ್ಪರಿನವರು, ಹಿಂದಿನ ಆಕ್ಸಲ್ಲುಗಳನ್ನು ಚಾಸಿಗೆ ಹಿಡಿದಿಡುವ ಟಾರ್ಕ್ ರಾಡ್ ಬುಷ್ ಮರೆಯಬೇಡಿ. ಸಂಡೂರು, ಹೊಸಪೇಟೆ ಕಡೆ ಅದಿರು ಹೊಡೆಯುವ ಗಾಡಿಗಳಲ್ಲಿ ಕೆಂಪು ಧೂಳು ಒಳಗೆ ಸೇರಿ ಬುಷ್ಷನ್ನು ಅರೆದು ಹಾಕುತ್ತದೆ. ಲಿವರ್ ಹಾಕಿ ಒತ್ತಿ ನೋಡಿ. ರಬ್ಬರ್ ಹರಿದಿದ್ದರೆ ಎರಡು ಆಕ್ಸಲ್ಲುಗಳೂ ತಮಗೆ ಬೇಕಾದ ಕಡೆ ಮುಖ ಮಾಡುತ್ತವೆ.

ಇಷ್ಟೂ ಸರಿ ಇದೆ ಅಂತ ಗೊತ್ತಾದ ಮೇಲೆ ಟೇಪು ಕೈಗೆ ತೆಗೆದುಕೊಳ್ಳಿ.

ಮೊದಲು ಹಿಂದಿನ ಆಕ್ಸಲ್ ಚೌಕಕ್ಕೆ ಇದೆಯಾ ನೋಡಬೇಕು. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ತೂಕದ ಗುಂಡು ಸಾಕು. ಪಟ್ಟಿಯ ಮುಂದಿನ ಬ್ರಾಕೆಟ್ ಪಿನ್ನಿನಿಂದ ಗುಂಡು ಇಳಿಬಿಟ್ಟು ನೆಲದ ಮೇಲೆ ಚಾಕಿನಲ್ಲಿ ಗುರುತು ಹಾಕಿ. ಆಕ್ಸಲ್ಲಿನಲ್ಲಿ ಎರಡೂ ಕಡೆ ಒಂದೇ ಥರದ ಜಾಗ ಆರಿಸಿಕೊಂಡು ಅಲ್ಲಿಂದಲೂ ಗುರುತು ಹಾಕಿ. ಎಡಗಡೆ ದೂರ, ಬಲಗಡೆ ದೂರ ಅಳೆಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಮನೆ ಪಾಯ ಹಾಕುವಾಗ ಮೂಲೆಮಟ್ಟ ನೋಡುತ್ತಾರಲ್ಲ, ಹಾಗೆಯೇ. ಮೂಲೆಯ ಎರಡು ಅಳತೆಗಳೂ ಒಂದೇ ಇರಬೇಕು. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಟೇಪು ಹಿಡಿಯುವ ಕೈಯದೇ ಇರಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಕಾರಣ ಹುಡುಕಿ.

ಈಗ ಟೋ. ಮುಂದಿನ ಎರಡು ಚಕ್ರಗಳ ಮುಂಭಾಗದ ದೂರ ಹಿಂಭಾಗದ ದೂರಕ್ಕಿಂತ ಕಡಿಮೆ ಇದ್ದರೆ ಟೋ ಇನ್. ಗಾಡಿ ಓಡುವಾಗ ರಸ್ತೆ ಚಕ್ರಗಳನ್ನು ಹಿಂದಕ್ಕೆ ತಳ್ಳುತ್ತದೆ, ಕೀಲುಗಳಲ್ಲಿರುವ ಸಣ್ಣ ಆಟದಿಂದ ಚಕ್ರಗಳ ಮುಂಭಾಗ ಹೊರಕ್ಕೆ ತೆರೆದುಕೊಳ್ಳುತ್ತದೆ. ಅದಕ್ಕೇ ನಿಂತಿರುವಾಗ ಒಂಚೂರು ಒಳಕ್ಕೆ ಇಟ್ಟಿರುತ್ತಾರೆ. ಎಷ್ಟು ಅಂತ ಕೈಪಿಡಿ ಹೇಳುತ್ತದೆ. ರೇಡಿಯಲ್ ಟೈರಿಗೆ ಅದು ಬಹಳ ಸಣ್ಣ ಅಳತೆ, ಸೊನ್ನೆಯಿಂದ ಒಂದೆರಡು ಮಿಲಿಮೀಟರ್. ನೈಲಾನ್ ಟೈರಿನ ಕಾಲದ ಅಂದಾಜನ್ನೇ ಇವತ್ತಿಗೂ ರೇಡಿಯಲ್ಲಿಗೆ ಹಾಕುವವರಿದ್ದಾರೆ. ಅದು ಬೇಡ.

ಅಳೆಯುವ ಕ್ರಮ ಹೀಗೆ. ಚಕ್ರ ಎತ್ತಿ, ಟೈರಿನ ನಡುವೆ ಸುತ್ತಲೂ ಚಾಕ್ ಬಳಿಯಿರಿ. ಒಂದು ಮೊಳೆಯನ್ನು ಅಲ್ಲಾಡದ ಹಾಗೆ ಹಿಡಿದು ಚಕ್ರ ತಿರುಗಿಸಿ. ಕೂದಲೆಳೆಯಂಥ ಗೆರೆ ಬೀಳುತ್ತದೆ. ರಿಮ್ ಸ್ವಲ್ಪ ಸೊಟ್ಟಗಿದ್ದರೂ ಈ ಗೆರೆ ನೇರ. ಎರಡೂ ಚಕ್ರಕ್ಕೆ ಹೀಗೆ ಮಾಡಿ ಇಳಿಸಿ. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಆಗ ಪಟ್ಟಿ ತನ್ನ ಜಾಗದಲ್ಲಿ ಕೂರುತ್ತದೆ. ಸ್ಟೇರಿಂಗ್ ನೇರ ಇರಲಿ. ಚಕ್ರದ ನಡುಭಾಗವಾದ ಹಬ್ಬಿನ ಮಧ್ಯದ ಎತ್ತರದಲ್ಲಿ, ಮುಂಭಾಗದಲ್ಲಿ ಗೆರೆಯಿಂದ ಗೆರೆಗೆ ಅಳೆದು ಆ ಜಾಗಕ್ಕೆ ಗುರುತು ಹಾಕಿ. ಗಾಡಿಯನ್ನು ಚಕ್ರದ ಅರ್ಧ ಸುತ್ತಿನಷ್ಟು ಮುಂದಕ್ಕೆ ತಳ್ಳಿ. ಅದೇ ಗುರುತು ಈಗ ಹಿಂಭಾಗಕ್ಕೆ ಬಂದಿರುತ್ತದೆ. ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ಟೋ.

ಸರಿಪಡಿಸುವುದು ಟೈ ರಾಡಿನಲ್ಲಿ. ಎರಡೂ ತುದಿಯ ಕ್ಲ್ಯಾಂಪ್ ಸಡಿಲಿಸಿ. ತುದಿಗಳ ಥ್ರೆಡ್ ಒಂದು ಎಡಕ್ಕೆ ಸುತ್ತಿದ್ದು, ಒಂದು ಬಲಕ್ಕೆ ಸುತ್ತಿದ್ದು. ಹಾಗಾಗಿ ನಡುವಿನ ಪೈಪ್ ತಿರುಗಿಸಿದರೆ ಎರಡೂ ಕಡೆ ಒಟ್ಟಿಗೆ ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ. ಕ್ಲ್ಯಾಂಪ್ ಬಿಗಿದು, ಗಾಡಿ ಉರುಳಿಸಿ, ಮತ್ತೊಮ್ಮೆ ಅಳೆಯಿರಿ. ಬಿಗಿಯುವಾಗ ಅಳತೆ ಜರುಗುತ್ತದೆ. ಎರಡನೇ ಸಲ ಅಳೆಯದವನು ಅಲೈನ್‌ಮೆಂಟ್ ಮಾಡಿದ ಹಾಗಲ್ಲ.

ಕೆಲವೇ ಮಿಲಿಮೀಟರ್‌ಗೆ ಇಷ್ಟೊಂದು ಯಾಕೆ ಅಂತ ನಿಮಗೆ ಅನ್ನಿಸಬಹುದು. ಟೋ 6 ಮಿಲಿಮೀಟರ್ ತಪ್ಪಿದೆ ಅಂದುಕೊಳ್ಳಿ. ಒಂದೊಂದು ಚಕ್ರದ ಪಾಲಿಗೆ 3. ಲಾರಿ ಟೈರಿನ ಅಡ್ಡಳತೆ ಒಂದು ಮೀಟರಿಗೆ ಸ್ವಲ್ಪ ಜಾಸ್ತಿ. ಅಂದರೆ ಪ್ರತಿ ಮೀಟರ್ ಓಟಕ್ಕೂ ಟೈರು ಹತ್ತಿರ ಹತ್ತಿರ 3 ಮಿಲಿಮೀಟರ್ ಅಡ್ಡಕ್ಕೆ ಉಜ್ಜುತ್ತದೆ. ಒಂದು ಕಿಲೋಮೀಟರಿಗೆ ಸುಮಾರು 3 ಮೀಟರ್. ಬೆಂಗಳೂರಿನಿಂದ ಪುಣೆ 800 ಕಿಲೋಮೀಟರಿಗೂ ಜಾಸ್ತಿ. ಅಲ್ಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಒಂದೊಂದು ಟೈರೂ ಎರಡು ಕಿಲೋಮೀಟರಿಗೂ ಹೆಚ್ಚು ದೂರ ಬರೀ ಅಡ್ಡಡ್ಡ ಉಜ್ಜಿಕೊಂಡಿರುತ್ತದೆ, ಮೇಲೆ ಮೂರು ಟನ್ ಹೊತ್ತುಕೊಂಡು. 20,000 ರೂಪಾಯಿಗೂ ಮೇಲಿನ ಟೈರು ಅದು. ಆ ಉಜ್ಜಾಟಕ್ಕೆ ಸುಡುವ ಡೀಸೆಲ್ಲೂ ನಿಮ್ಮದೇ.

ಕ್ಯಾಂಬರ್, ಕ್ಯಾಸ್ಟರ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚಕ್ರ ಮುಂದಿನಿಂದ ನೋಡಿದಾಗ ಎಷ್ಟು ವಾಲಿದೆ ಅನ್ನುವುದು ಕ್ಯಾಂಬರ್. ಲಾರಿಯ ಒಂಟಿ ತೊಲೆಯಂಥ ಆಕ್ಸಲ್ಲಿನಲ್ಲಿ ಅದನ್ನು ಕಂಪನಿಯಲ್ಲೇ ಕೊಟ್ಟಿರುತ್ತಾರೆ, ಸ್ಕ್ರೂ ತಿರುಗಿಸಿ ಬದಲಿಸುವಂಥದ್ದಲ್ಲ. ತಪ್ಪಿದ್ದರೆ ಕಿಂಗ್ ಪಿನ್ ಸವೆದಿದೆ, ಇಲ್ಲವೇ ಆಕ್ಸಲ್ ಬಗ್ಗಿದೆ. ಬೆಂಕಿ ಇಟ್ಟು ಬಗ್ಗಿಸುತ್ತೇನೆ ಅನ್ನುವವರ ಅಂಗಡಿಯಿಂದ ಗಾಡಿ ತಿರುಗಿಸಿಕೊಂಡು ಬನ್ನಿ. ಕಿಂಗ್ ಪಿನ್ ಪಕ್ಕದಿಂದ ನೋಡಿದಾಗ ಹಿಂದಕ್ಕೆ ವಾಲಿರುವುದು ಕ್ಯಾಸ್ಟರ್. ತಿರುವಿನಿಂದ ಬಂದ ಮೇಲೆ ಸ್ಟೇರಿಂಗ್ ತಾನಾಗಿ ನೇರವಾಗುವುದು ಅದರಿಂದಲೇ. ಪಟ್ಟಿಗೂ ಆಕ್ಸಲ್ ಸೀಟಿಗೂ ನಡುವೆ ಬೆಣೆಯಂಥ ತಗಡು ಇಟ್ಟು ಇದನ್ನು ಸರಿ ಮಾಡುತ್ತಾರೆ. ಮುಂದಿನ ಪಟ್ಟಿ ಕುಸಿದರೂ ಕ್ಯಾಸ್ಟರ್ ಬದಲಾಗುತ್ತದೆ, ಆದ್ದರಿಂದ ಬೆಣೆ ಹುಡುಕುವ ಮೊದಲು ಪಟ್ಟಿ ನೋಡಿ.

"ನನ್ನ ಗಾಡಿ ಯಾವಾಗಲೂ ಸ್ವಲ್ಪ ಎಡಕ್ಕೆ ಹೋಗುತ್ತೆ ಸಾರ್, ಅದೂ ಅಲೈನ್‌ಮೆಂಟಾ?" ಹಿಂದಿನಿಂದ ಒಬ್ಬ ಯುವಕ ಕೇಳಿದ.

ಮೊದಲು ರಸ್ತೆ ನೋಡಪ್ಪ. ಮಳೆ ನೀರು ಹರಿದು ಹೋಗಲೆಂದು ರಸ್ತೆಯ ನಡುವೆ ಎತ್ತರ, ಅಂಚಿಗೆ ತಗ್ಗು ಇರುತ್ತದೆ. ನಾವು ಎಡಗಡೆ ಓಡಿಸುವವರು, ನಮ್ಮ ಗಾಡಿ ಎಡಕ್ಕೆ ಸ್ವಲ್ಪ ಜಾರುವುದು ಸಹಜ. ಸಮತಟ್ಟು ರಸ್ತೆಯಲ್ಲಿ ಮತ್ತೆ ನೋಡು. ಅಲ್ಲೂ ಎಳೆದರೆ ಎರಡೂ ಟೈರಿನ ಗಾಳಿ ನೋಡು, ಡ್ರಮ್ ಮುಟ್ಟಿ ಯಾವುದಾದರೂ ಬ್ರೇಕ್ ಹಿಡಿದುಕೊಂಡಿದೆಯಾ ನೋಡು. ಆಮೇಲೆ ಪಟ್ಟಿ. ಸ್ಟೇರಿಂಗ್ ಚಕ್ರ ವಾರೆ ಇದೆ ಅಂತ ಅದನ್ನೇ ಬಿಚ್ಚಿ ನೇರಕ್ಕೆ ಕೂರಿಸುವವರಿದ್ದಾರೆ. ಹಾಗೆ ಮಾಡಿದರೆ ರೋಗದ ಗುರುತನ್ನು ಅಳಿಸಿದಂತೆ, ರೋಗ ಒಳಗೇ ಉಳಿಯುತ್ತದೆ.

ಇನ್ನೊಬ್ಬರು ಕಂಪ್ಯೂಟರ್ ಅಲೈನ್‌ಮೆಂಟ್ ಬಗ್ಗೆ ಕೇಳಿದರು. ಒಳ್ಳೆಯದೇ. ಚಾಕ್, ಮೊಳೆಗಿಂತ ಬೇಗ, ಕರಾರುವಾಕ್ಕು. ಆದರೆ ಎರಡು ಮಾತು ಕೇಳಿ ಮಾಡಿಸಿ. ಹಿಂದಿನ ಆಕ್ಸಲ್ಲನ್ನೂ ಅಳೆಯುತ್ತೀರಾ? ಅಳೆಯುವ ಮೊದಲು ಕೆಳಗೆ ಇಳಿದು ಬುಷ್, ಪಿನ್ ನೋಡುತ್ತೀರಾ? ಬರೀ ಮುಂದಿನ ಎರಡು ಚಕ್ರಕ್ಕೆ ಹಿಡಿ ಸಿಕ್ಕಿಸಿ ಚೀಟಿ ತೆಗೆದರೆ, ನಾನು ಮೊದಲು ಹೇಳಿದ ಡ್ರೈವರ್ ಮೂರು ಸಲ ಹಣ ಕೊಟ್ಟಂತೆಯೇ ಆಗುತ್ತದೆ. ಪಟ್ಟಿಯ ಬದಲು ಗಾಳಿ ಚೀಲದ ಮೇಲೆ ನಿಲ್ಲುವ ಬಲೂನ್ ಸಸ್ಪೆನ್ಷನ್ ಗಾಡಿಯಾದರೆ ಬಾಡಿಯ ಎತ್ತರ ಕಂಪನಿ ಹೇಳಿದಷ್ಟು ಇದೆಯಾ ಅಂತ ಮೊದಲು ನೋಡಲು ಹೇಳಿ. ಎತ್ತರ ತಪ್ಪಿದ್ದರೆ ಆಕ್ಸಲ್ ನಿಲ್ಲುವ ಕೋನವೂ ತಪ್ಪಿರುತ್ತದೆ.

ಘಾಟಿಯಲ್ಲೇ ಜಾಸ್ತಿ ಓಡುವವರಿಗೆ ಒಂದು ಮಾತು. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಏಕೆಂದರೆ ಅದು ಸಣ್ಣ ವೃತ್ತದಲ್ಲಿ ಹೋಗುತ್ತದೆ. ಕುದುರೆ ಗಾಡಿಯ ಕಾಲದಲ್ಲೇ ಇದಕ್ಕೆ ಪರಿಹಾರ ಹುಡುಕಿದ್ದರು. 1818ರಲ್ಲಿ ಲಂಡನ್ನಿನಲ್ಲಿ ಆಕರ್‌ಮನ್ ಅದಕ್ಕೆ ಪೇಟೆಂಟ್ ಪಡೆದರು, ಇವತ್ತಿಗೂ ಅವರ ಹೆಸರಲ್ಲೇ ಕರೆಯುತ್ತೇವೆ. ಟೈ ರಾಡ್ ಹಿಡಿದಿರುವ ತೋಳುಗಳ ವಾರೆಯಿಂದ ಈ ಕೆಲಸ ಆಗುತ್ತದೆ. ಆ ತೋಳು ಒಂದು ಬಗ್ಗಿದ್ದರೆ ನೇರ ನಿಂತಾಗ ಟೋ ಸರಿ ಇರುತ್ತದೆ, ತಿರುವಿನಲ್ಲಿ ಟೈರು ಕಿರುಚುತ್ತದೆ. ಟೋ ಎಷ್ಟು ಸಲ ಸರಿ ಮಾಡಿದರೂ ಟೈರು ಉಳಿಯದಿದ್ದರೆ ಆ ತೋಳು ನೋಡಿ.

ಗ್ರೀಸ್ ಹೊಡೆಯುವವರು ಗಾಡಿಯ ಭಾರ ಎತ್ತಿ ಹೊಡೆಯಿರಿ. ಭಾರ ಇದ್ದಾಗ ಪಿನ್ ಒಂದು ಕಡೆ ಒತ್ತಿಕೊಂಡಿರುತ್ತದೆ, ಗ್ರೀಸ್ ಬೇಕಾದ ಆ ಜಾಗಕ್ಕೇ ಅದು ಹೋಗುವುದಿಲ್ಲ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಹೊಡೆಯಿರಿ.

ಮಾಲೀಕರಲ್ಲಿ ಒಂದು ವಿನಂತಿ. ಡ್ರೈವರ್ ಬಂದು ಗಾಡಿ ಎಳೆಯುತ್ತಿದೆ ಅಂದರೆ ನಂಬಿ. ದಿನಕ್ಕೆ ಹತ್ತು ಗಂಟೆ ಆ ಸ್ಟೇರಿಂಗ್ ಹಿಡಿದು ಕೂರುವವರು ಅವರು. ಯಾವ ಮಷಿನ್ನಿಗಿಂತ ಮೊದಲು ಅವರ ಕೈಗೆ ಗೊತ್ತಾಗಿರುತ್ತದೆ. ಅವತ್ತು ನನ್ನ ಹತ್ತಿರ ಬಂದ ಡ್ರೈವರ್ ಮೂರು ತಿಂಗಳಿಂದ ಇದನ್ನೇ ಹೇಳುತ್ತಿದ್ದರು.

ಮಾತು ಸಾಕು. ಹೊರಗೆ ಒಂದು ಲಾರಿ ನಿಂತಿದೆ. ಚಾಕ್, ಮೊಳೆ, ಟೇಪು, ತೂಕದ ಗುಂಡು ತಂದಿದ್ದೇನೆ. ಬನ್ನಿ.

ಎಲ್ಲರೂ ಹೊರಗೆ ಹೋದೆವು. ಐಟಿಐಯ ಒಬ್ಬ ಹುಡುಗಿ ಗುಂಡು ಹಿಡಿದಳು, ಇನ್ನೊಬ್ಬ ಹುಡುಗ ಟೇಪು ಹಿಡಿದ. ಪಿನ್ನಿನಿಂದ ಆಕ್ಸಲ್ಲಿಗೆ ಬಲಗಡೆಗಿಂತ ಎಡಗಡೆ 7 ಮಿಲಿಮೀಟರ್ ಜಾಸ್ತಿ ಬಂತು. ನಂಬಿಕೆ ಬರದೆ ಇಬ್ಬರೂ ಜಾಗ ಬದಲಿಸಿಕೊಂಡು ಮತ್ತೆ ಅಳೆದರು. ಮತ್ತೆ 7. ಹುಡುಗಿ ಕೆಳಗೆ ಹೋಗಿ ಎಡಗಡೆ ಯು ಬೋಲ್ಟಿನ ನಟ್ಟಿಗೆ ಪಾನಾ ಹಾಕಿದಳು. ಜಾಸ್ತಿ ಬಲ ಬೇಕಾಗಲಿಲ್ಲ. ನಟ್ಟು ಅರ್ಧ ಸುತ್ತು ಸಲೀಸಾಗಿ ತಿರುಗಿತು. ಡ್ರೈವರ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಹೊಸ ಪಟ್ಟಿ ಹಾಕಿಸಿದ್ದರಂತೆ. ಆಮೇಲೆ ಆ ನಟ್ಟನ್ನು ಯಾರೂ ಮುಟ್ಟಿರಲಿಲ್ಲ.